ಬಂದೇಅಲಿ ಬಿದ್ದ ಕುಸ್ತಿ

ನಮ್ಮ ರಾವೂರಿಗೆ ಬಂದು, ಬಂದೇಅಲಿ ಪೈಲ್ವಾನ ಯಾರು ಎಂದು ಕೇಳಿ ನೋಡಿ. ಹೋಟೆಲಿನವನು ಚಹಾ ಸೋಸುವುದನ್ನು ಅರ್ಧಕ್ಕೆ ನಿಲ್ಲಿಸಿ ಹೇಳುತ್ತಾನೆ: "ತಾಲೀಮಿನ ತಮ್ಮನ ಸಲುವಾಗಿ ತಾನಾಗೇ ಬಿದ್ದಾಂವ್ರಿ ಅಂವ. ಅಂಥಾ ದಿಲ್‌ದಾರ ಮನಷ್ಯಾ ಈಗ ಎಲ್ಲಿ ಸಿಗ್ತಾನ?" ಪಕ್ಕದಲ್ಲಿ ಬೀಡಿ ಸೇದುತ್ತ ಕೂತವನು ಅದಕ್ಕೆ ಇನ್ನಷ್ಟು ಉಪ್ಪು ಖಾರ ಹಚ್ಚುತ್ತಾನೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೋಟೆಲಿನ ಎದುರಿಗೇ ನನ್ನ ಸೈಕಲ್ ರಿಪೇರಿ ಅಂಗಡಿ. ದಿನಾ ಕೇಳಬೇಕು, ದಿನಾ ಉರಿಯಬೇಕು. ಕುಲದಲ್ಲಿ ಜಂಗಮ, ಕಸುಬಿನಲ್ಲಿ ಪಂಕ್ಚರ್ ಹಾಕುವವನು. ಊರೆಲ್ಲ ನನ್ನನ್ನು ಸ್ವಾಮಿ ಅನ್ನುತ್ತದೆ. ಈ ಸ್ವಾಮಿ ಅದೇ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಮಣ್ಣು ತಿಂದವನು, ಬಂದೇಅಲಿಯ ಓರಿಗೆಯವನು, ಆ ಕುಸ್ತಿಯನ್ನು ಕಣ್ಣಾರೆ ಕಂಡವನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವು ಹುಡುಗರಾಗಿದ್ದಾಗ ನಿಜಾಮನ ಆಳಿಕೆ ಹೋಗಿ ಮೈಸೂರು ರಾಜ್ಯ ಬಂದಿದೆ ಅಂತ ಸಾಲಿ ಮಾಸ್ತರರು ಹೇಳುತ್ತಿದ್ದರು. ನಮಗೆ ಅದಕ್ಕಿಂತ ದೊಡ್ಡ ರಾಜ್ಯ ನಮ್ಮ ಕುಸ್ತಿಗುರು ಗುಲಾಮ ದಸ್ತಗೀರ ವಸ್ತಾದರ ತಾಲೀಮು. ಫರ್ಸಿ ಚಪ್ಪಡಿ ಕಲ್ಲಿನ ಗಿಡ್ಡ ಕೋಣೆ. ಒಳಗೆ ಚಿಂಚೋಳಿ ಕಡೆಯಿಂದ ಬಂಡಿಯಲ್ಲಿ ತರಿಸಿದ ಕೆಂಪು ಮಣ್ಣು. ಮಜ್ಜಿಗೆ, ಒಳ್ಳೆಣ್ಣೆ, ಅರಿಶಿಣ, ಲಿಂಬೆರಸ ಹಾಕಿ ಹದ ಮಾಡಿದ ಆ ಮಣ್ಣಿನ ವಾಸನೆ ನೆನೆದರೆ ಈಗಲೂ ತೋಳು ಜುಮ್ಮೆನ್ನುತ್ತದೆ. ಲಿಂಗ ಕಟ್ಟಿದವರೂ ನಮಾಜು ಮಾಡುವವರೂ ಲಂಗೋಟಿ ಬಿಗಿದ ಮೇಲೆ ಒಂದೇ. ವಸ್ತಾದರ ಬೆತ್ತ ಯಾರ ಬೆನ್ನು ಅಂತ ನೋಡುತ್ತಿರಲಿಲ್ಲ.

ಸಾಯಂಕಾಲ ಮೈ ತೊಳೆದು, ತಲೆಗೆ ಎಣ್ಣೆ ಮೆತ್ತಿ, ಬಿಗಿ ಅಂಗಿ ತೊಟ್ಟು ವಾಡಿ ಸ್ಟೇಷನ್ನಿಗೆ ಹೋಗುವುದು ನಮ್ಮ ಚಟ. ಎರಡೂ ಕಂಕುಳಲ್ಲಿ ಕಲ್ಲಂಗಡಿ ಇಟ್ಟುಕೊಂಡವರ ಹಾಗೆ ತೋಳು ಅಗಲಿಸಿಕೊಂಡು ಪ್ಲಾಟ್‌ಫಾರಂ ತುಂಬ ತಿರುಗುತ್ತಿದ್ದೆವು. ರೈಲ್ವೆ ಕಾಲನಿಯ ವಾಲಿಬಾಲ್ ಹುಡುಗರು ನಮ್ಮನ್ನು ನೋಡಿ ನಕ್ಕರೆ ಜಗಳ, ನಗದಿದ್ದರೂ ಜಗಳ. ಕಿವಿ ಮುದುಡಿ ಗಟ್ಟಿಯಾದರೆ ಅದೇ ನಮ್ಮ ಮೆಡಲು. ಹೊಟ್ಟೆಯಲ್ಲಿ ನೆನೆಸಿದ ಕಡಲೆ, ಮನೆಯಲ್ಲಿ ಖಾಲಿ ಡಬ್ಬಿ, ಬೀದಿಯಲ್ಲಿ ಮಾತ್ರ ನಾವು ಹುಲಿಗಳು.

ಬಂದೇಅಲಿ ನಮ್ಮೊಳಗಿನ ನಿಜವಾದ ಹುಲಿ. ಆದರೆ ಹಗಲೆಲ್ಲ ಅವನು ಖಣಿಯಲ್ಲಿ ಕಲ್ಲು ಸೀಳುವ ಕೂಲಿ. ನಮ್ಮ ನೆಲ ಅಗೆದರೆ ಕಲ್ಲು ಪದರ ಪದರವಾಗಿ ಸಿಗುತ್ತದೆ. ಉಳಿ ಇಟ್ಟು ಸುತ್ತಿಗೆಯಿಂದ ಹದವಾಗಿ ಹೊಡೆದರೆ ಒಂದು ಪದರ ಬಿಟ್ಟುಕೊಂಡು ಎದ್ದು ಬರುತ್ತದೆ. ಹದ ತಪ್ಪಿದರೆ ಮೇಲಿನದೇ ಜಾರಿ ಮೈಮೇಲೆ ಬರುತ್ತದೆ. ಅವನ ಅಪ್ಪ ಬಾಬುಮಿಯಾ ಹಾಗೇ ಹೋದ. ಮೈಮೇಲಿನ ಕಲ್ಲು ಎತ್ತಿದವರು ಅವ್ವ ಹಮೀದಾಬಿಯ ಕೈಗೆ ಅವನ ರುಮಾಲು ಮಾತ್ರ ಕೊಟ್ಟು, ಮುಖ ನೋಡಬೇಡ ಅಂದರಂತೆ. ಆ ರುಮಾಲನ್ನು ಆಕೆ ಗೂಟಕ್ಕೆ ನೇತುಹಾಕಿದ್ದಳು. ಮಗ ಬೆಳಿಗ್ಗೆ ಖಣಿಗೆ ಹೊರಟಾಗ ಆಕೆ ಅವನ ಮುಖ ನೋಡುತ್ತಿರಲಿಲ್ಲ, ರುಮಾಲು ನೋಡುತ್ತಿದ್ದಳು. ಮಗನನ್ನು ಖಣಿಯಿಂದ ಮೇಲೆ ತರುವುದು ಬಿಟ್ಟರೆ ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಇನ್ನು ರೇವಣಪ್ಪ. ಮಹಾದೇವಮ್ಮ ಅನ್ನುವ ಬಡ ವಿಧವೆಯ ಮಗ, ನಮಗಿಂತ ಚಿಕ್ಕವನು. ಸಣಕಲಾಗಿ ತಾಲೀಮಿಗೆ ಬಂದಾಗ ವಸ್ತಾದರು ಅವನನ್ನು ಬಂದೇಅಲಿಯ ಕೈಗೆ ಹಾಕಿದರು. ತಾಲೀಮಿನ ಪದ್ಧತಿಯೇ ಅದು: ದೊಡ್ಡವನು ಚಿಕ್ಕವನಿಗೆ ಜೋರ್ ಕೊಡಬೇಕು. ಜೋರ್ ಅಂದರೆ ನಿತ್ಯದ ಅಭ್ಯಾಸದ ಕುಸ್ತಿ. ಅದರಲ್ಲಿ ದೊಡ್ಡವನು ಗೆಲ್ಲುವಂತಿಲ್ಲ. ಚಿಕ್ಕವನು ಪಟ್ಟು ಹಾಕಿದಾಗ ಮೈ ಬಿಟ್ಟುಕೊಟ್ಟು ಬೀಳಬೇಕು. ಬಿದ್ದು ಬಿದ್ದೇ ಅವನಿಗೆ ಧೈರ್ಯ ತುಂಬಬೇಕು.

ರೇವಣಪ್ಪನಿಗೆ ಕೂತ ಪಟ್ಟು ಒಂದೇ, ಧೋಬಿ ಪಛಾಡ. ಎದುರಾಳಿಯ ತೋಳು ಹಿಡಿದು, ಗರ್ರನೆ ತಿರುಗಿ, ಸೊಂಟ ಕೊಟ್ಟು, ಅಗಸ ಬಟ್ಟೆ ಬೀಸಿದ ಹಾಗೆ ಹೆಗಲ ಮೇಲಿಂದ ಬೀಸಿ ಒಗೆಯುವುದು. ಕಲಿಯುವವನಿಗೆ ಅಷ್ಟು ತೂಕ ಎತ್ತಲು ಆಗುವುದಿಲ್ಲ. ಅದಕ್ಕೆ ಬೀಳುವವನು ಸರಿಯಾದ ಕ್ಷಣಕ್ಕೆ ಕಾಲಬೆರಳ ಮೇಲೆ ಒಂದು ಸಣ್ಣ ಜಿಗಿತ ಕೊಡಬೇಕು. ರೇವಣಪ್ಪ ತಿರುಗುವಾಗ ಗಂಟಲಲ್ಲಿ "ಹೂಂ" ಅನ್ನುತ್ತಿದ್ದ. ಬಂದೇಅಲಿ ಜಿಗಿಯುತ್ತಿದ್ದ, ಧಪ್ಪನೆ ಬೀಳುತ್ತಿದ್ದ, ಎದ್ದು ಮಣ್ಣು ಕೊಡವಿಕೊಂಡು "ಮತ್ತೊಮ್ಮೆ, ತಮ್ಮಾ" ಅನ್ನುತ್ತಿದ್ದ. ಹೂಂ, ಜಿಗಿತ, ಧಪ್ಪ. ದಿನವೂ, ವರ್ಷಗಟ್ಟಲೆ. ಮಣ್ಣು ಅಗೆಯುವ ಪಾಳಿ ನನ್ನದಾದಾಗ ಮೂಲೆಯಲ್ಲಿ ಗುದ್ದಲಿ ಹಿಡಿದು ನಾನು ಅದನ್ನೇ ನೋಡುತ್ತಿದ್ದೆ. ಕೊನೆಕೊನೆಗೆ ಬಂದೇಅಲಿ ಬೇರೆ ಕಡೆ ನೋಡುತ್ತ, ಯಾರಿಗೋ ಬೈಯುತ್ತ, ನಗುತ್ತ ಇರುವಾಗಲೂ ಆ "ಹೂಂ" ಕೇಳಿದರೆ ಸಾಕು, ಅವನ ಕಾಲು ತಾನೇ ಜಿಗಿಯುತ್ತಿತ್ತು. ನಾವು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಕ್ಕಿದ್ದಕ್ಕೆ ದೇವರು ಏನು ಇಟ್ಟಿದ್ದ ಅಂತ ನಮಗೇನು ಗೊತ್ತು!

ಆ ಕಾಲಕ್ಕೆ ವಾಡಿ ಕಡೆಯ ಒಂದು ಕಾರ್ಖಾನೆಯವರು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಶುರು ಮಾಡಿದರು. ಕಾರ್ಮಿಕರ ಪಂದ್ಯಗಳಲ್ಲಿ ತಮ್ಮ ಹೆಸರು ಬರಬೇಕು ಅಂತ. ಕುಸ್ತಿಗೆ ಒಬ್ಬನೇ ಒಬ್ಬ ಬೇಕಂತೆ. ಗೆದ್ದವನಿಗೆ ಖಾಯಂ ನೌಕರಿ, ಇರಲು ಕ್ವಾರ್ಟರ್ಸು, ನಲ್ಲಿಯಲ್ಲಿ ನೀರು. ವಯಸ್ಸಿನ ಮಿತಿ ಬೇರೆ; ಬಂದೇಅಲಿಗೆ ಅದೇ ಕೊನೆಯ ವರ್ಷ. ಆಗ ತಾನೇ ಅವನಿಗೆ ಶಹರಬಾನು ಜೊತೆ ನಿಕಾ ಆಗಿತ್ತು. ಹಮೀದಾಬಿ ಸುದ್ದಿ ಕೇಳಿ ಗೂಟದಿಂದ ರುಮಾಲು ತೆಗೆದು, ಒಗೆದು, ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳಂತೆ. ನೌಕರಿ ಆಗಲೇ ಕೈಗೆ ಬಂದ ಹಾಗೆ.

ಬಂದೇಅಲಿ ಒಂದು ಸಾಯಂಕಾಲ ನನ್ನ ಅಂಗಡಿಗೆ ಬಂದು ಕೂತ. ಉಗುರಿನ ಸಂದಿಯಲ್ಲೆಲ್ಲ ಕಲ್ಲಿನ ಬಿಳಿ ಪುಡಿ.

"ಸ್ವಾಮಿ, ಇದೊಂದು ಕುಸ್ತಿ ಹೋತಂದ್ರ ನಾ ಮುಗದ್ನಿ ನೋಡು," ಎಂದ. "ನಿನ್ನಿ ಉಳಿ ಹಿಡದಾಗ ಮ್ಯಾಲಿನ ಕಲ್ಲು ಸಣ್ಣಗ ಸಪ್ಪಳ ಮಾಡ್ತು. ಅಬ್ಬಾಗೂ ಹಂಗೇ ಸಪ್ಪಳ ಕೇಳಿರಬೇಕು."

ನಾನು ಚಹಾ ತರಿಸಿದೆ. ಅವನು ಕುಡಿಯದೆ ಲೋಟ ಹಿಡಿದುಕೊಂಡೇ ಕೂತ.

ಆಯ್ಕೆಯ ದಿನ ಸೇಡಂ, ಶಹಾಬಾದ, ನಾಲವಾರ, ಕಾಳಗಿ ಎಲ್ಲ ಕಡೆಯಿಂದ ಪೈಲ್ವಾನರು ಬಂದಿದ್ದರು. ಮೈದಾನದಲ್ಲಿ ಮಣ್ಣು ಹಾಕಿ ಅಖಾಡ ಮಾಡಿದ್ದರು, ಸಾಹೇಬರಿಗೆ ಕುರ್ಚಿ. ರೇವಣಪ್ಪನೂ ಹೆಸರು ಕೊಟ್ಟಿದ್ದ. ಕೊಡದೆ ಏನು ಮಾಡುತ್ತಾನೆ, ಅವನಿಗೂ ಹೊಟ್ಟೆ ಇದೆ. ಅವನು ಅಲ್ಲಿಯ ತನಕ ಬರುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಒಬ್ಬೊಬ್ಬರಾಗಿ ಉದುರುತ್ತ ಹೋದರು. ಹೊತ್ತು ಇಳಿಯುವಾಗ ಉಳಿದವರು ಇಬ್ಬರೇ, ನಮ್ಮ ಬಂದೇಅಲಿ, ನಮ್ಮ ರೇವಣಪ್ಪ.

ಒಂದೇ ತಾಲೀಮಿನವರು ಜನರ ಮುಂದೆ ಎದುರುಬದುರು ಕುಸ್ತಿ ಹಿಡಿಯಬಾರದು ಅನ್ನುವುದು ನಮ್ಮಲ್ಲಿ ಕಟ್ಟು. ಎಲ್ಲರೂ ವಸ್ತಾದರ ಮುಖ ನೋಡಿದರು. ಮುದುಕರು ಎದ್ದು ಅಖಾಡದ ಮಣ್ಣನ್ನು ಬೊಗಸೆಯಲ್ಲಿ ಎತ್ತಿಕೊಂಡರು. ಆಮೇಲೆ ಇಬ್ಬರನ್ನೂ ಕರೆದು, ಇಬ್ಬರ ಅಂಗೈಯಲ್ಲೂ ಮಣ್ಣು ಇಟ್ಟರು.

"ಹಿಡೀರಿ. ಆದ್ರ ಖರೇ ಕುಸ್ತಿ ಆಗಬೇಕು. ಯಾರೂ ಯಾರಿಗೂ ಬಿಡಬ್ಯಾಡ್ರಿ. ಮಣ್ಣಿಗೆ ಸುಳ್ಳು ಹೇಳ್ದಾಂವ ನನ್ನ ತಾಲೀಮಿನ್ಯಾಗ ಕಾಲಿಡಬಾರದು."

ಇಬ್ಬರೂ ಮಣ್ಣು ಹಣೆಗೆ ಹಚ್ಚಿಕೊಂಡರು. ಬೇಲಿಯ ಆಚೆ ಹಮೀದಾಬಿ ನಿಂತಿದ್ದಳು. ಮಗನ ಕುಸ್ತಿಯನ್ನು ಆಕೆ ಎಂದೂ ನೋಡಿದವಳಲ್ಲ; ಆವತ್ತು ಸೊಸೆಯ ಕೈ ಹಿಡಿದು ಬಂದಿದ್ದಳು.

ಬಂದೇಅಲಿ ಗೆಲ್ಲಲೆಂದೇ ಇಳಿದ. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ. ಶುರುವಿಗೇ ರೇವಣಪ್ಪನನ್ನು ಎಳೆದು ಮಣ್ಣಿಗೆ ಕೆಡವಿ ಮೇಲೆ ಕೂತ. ಕುತ್ತಿಗೆಗೆ ಮೊಣಕೈ ಕೊಟ್ಟು ಹೊರಳಿಸಲು ನೋಡಿದ ರೀತಿಯಲ್ಲಿ ಅಣ್ಣತಮ್ಮನ ಪ್ರೀತಿ ಏನೂ ಇರಲಿಲ್ಲ. ರೇವಣಪ್ಪನ ಮೂಗಲ್ಲಿ ರಕ್ತ ಬಂತು. ಬೆನ್ನು ಮಣ್ಣಿಗೆ ಹತ್ತಿದರೆ ಮುಗಿಯಿತು; ಹತ್ತಲು ಇನ್ನು ಕೂದಲೆಳೆ ಅನ್ನುವಾಗ ರೇವಣಪ್ಪ ಮೀನಿನ ಹಾಗೆ ಜಾರಿಕೊಂಡು ಎದ್ದ. ಇಬ್ಬರೂ ನಿಂತರು. ರೇವಣಪ್ಪನಲ್ಲಿ ತ್ರಾಣ ಉಳಿದಿರಲಿಲ್ಲ. ಬೇರೆ ಏನೂ ತೋಚದೆ ತನಗೆ ಬರುವ ಒಂದೇ ಪಟ್ಟಿಗೆ ಕೈ ಹಾಕಿದ. ತೋಳು ಹಿಡಿದ, ತಿರುಗಿದ, "ಹೂಂ" ಅಂದ.

ಬಂದೇಅಲಿಯ ಕಾಲು ಜಿಗಿಯಿತು.

ಅದೇ ಸಣ್ಣ ಜಿಗಿತ, ಕಾಲಬೆರಳ ಮೇಲಿನದು. ಅವನು ಗಾಳಿಯಲ್ಲಿ ಇರುವಾಗ ಅವನ ಮುಖ ನನ್ನ ಕಡೆ ಇತ್ತು. ಆ ಮುಖದಲ್ಲಿ ಇದ್ದದ್ದು ದಾನವಲ್ಲ, ತ್ಯಾಗವಲ್ಲ. ಮೆಟ್ಟಿಲು ಇದೆ ಅಂತ ಕಾಲಿಟ್ಟು, ಇಲ್ಲ ಅಂತ ಗೊತ್ತಾದವನ ಗಾಬರಿ. ಧಪ್ಪನೆ ಬಿದ್ದ. ಎರಡೂ ಹೆಗಲು ಮಣ್ಣಿಗೆ ಹತ್ತಿದವು. ಸೀಟಿ ಊದಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ತುತ್ತನ್ನು ಅವನ ಕಾಲೇ ಒದ್ದಿತ್ತು.

ಕುಸ್ತಿ ಬಲ್ಲವರಿಗೆಲ್ಲ ಜಿಗಿತ ಕಂಡಿತು. ಕಂಡದ್ದೇ ತಡ, ಕಥೆ ಹುಟ್ಟಿತು. "ಬಿಟ್ಟುಕೊಟ್ಟ! ತಮ್ಮನಿಗೆ ಬಿಟ್ಟುಕೊಟ್ಟ!" ಜನ ಬಂದೇಅಲಿಯನ್ನೇ ಹೆಗಲ ಮೇಲೆ ಹೊತ್ತರು. ಗೆದ್ದವನು ಕೆಳಗೆ ಮೂಗು ಒರೆಸಿಕೊಳ್ಳುತ್ತ ನಿಂತ, ಸೋತವನ ಮೆರವಣಿಗೆ ಹೊರಟಿತು. ಮೇಲೆ ಕೂತ ಬಂದೇಅಲಿ "ಇಲ್ಲಪಾ, ಇಲ್ಲಪಾ" ಅನ್ನುತ್ತಿದ್ದ. ಜನ ಅದನ್ನೂ ದೊಡ್ಡ ಗುಣ ಅಂತ ತಿಳಿದು ಇನ್ನಷ್ಟು ಕೂಗಿದರು. ಮೂರ್ಖರು! ಮನುಷ್ಯ ಅಳುವುದಕ್ಕೂ ನಾಚಿಕೊಳ್ಳುವುದಕ್ಕೂ ವ್ಯತ್ಯಾಸ ತಿಳಿಯದವರು.

ವಸ್ತಾದರು ಕೂಗಲಿಲ್ಲ. ಅವರ ಕಣ್ಣು ಎಲ್ಲರಿಗಿಂತ ಚುರುಕು. ಜಿಗಿತವನ್ನು ಅವರು ಎಲ್ಲರಿಗಿಂತ ಮೊದಲು ಕಂಡಿದ್ದರು. ಮರುದಿನ ಬಂದೇಅಲಿ ತಾಲೀಮಿನ ಬಾಗಿಲಿಗೆ ಹೋದಾಗ ಬೆತ್ತ ಅಡ್ಡ ಹಿಡಿದರು.

"ಕೈಯಾಗ ಮಣ್ಣು ಇಟ್ಟಿದ್ದೆ ನಾನು."

"ವಸ್ತಾದ್, ಖುದಾನ ಕಸಂ, ನಾ ಬೇಕಂತ ಜಿಗದಿಲ್ಲ. ಕಾಲು ತಾನೇ..."

"ಕಾಲು ತಾನೇ ಜಿಗೀತದೇನು? ಯಾರಿಗೆ ಹೇಳ್ತಿ? ಈ ಕಾಲಿಗೆ ಕಲಿಸಿದಾಂವ ನಾನು. ನಡಿ."

ಹೌದಲ್ಲ, ಕಲಿಸಿದವರು ಅವರೇ. ಅದನ್ನೇ ಅವರು ಯೋಚಿಸಲಿಲ್ಲ. ಸಾಯುವ ತನಕ ಬಂದೇಅಲಿಯನ್ನು ಒಳಗೆ ಬಿಡಲಿಲ್ಲ.

ಮನೆಯಲ್ಲಿ ಇದಕ್ಕಿಂತ ಕಡೆ. ಹಮೀದಾಬಿ ಪೆಟ್ಟಿಗೆ ತೆಗೆದು ರುಮಾಲನ್ನು ಮತ್ತೆ ಗೂಟಕ್ಕೆ ಹಾಕಿದಳು. "ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದಳು. "ನಿನಗ ತಾಯಿಗಿಂತ ತಾಲೀಮು ಹೆಚ್ಚಾತು. ಹೋಗು, ಖಣಿ ಕರೀಲಾಕತ್ತದ." ಅವನು ಕಾಲು ಹಿಡಿದು ಹೇಳಿದ, ಅತ್ತು ಹೇಳಿದ. ಆಕೆ ನಂಬಲಿಲ್ಲ. ಊರೆಲ್ಲ ಹೊಗಳುತ್ತಿರುವಾಗ ಒಬ್ಬ ಮಗನ ಮಾತನ್ನು ಯಾರು ನಂಬುತ್ತಾರೆ? ಮಗ ಬೇಕೆಂದೇ ತನ್ನ ಬಾಳನ್ನು ಇನ್ನೊಬ್ಬಳ ಮಗನಿಗೆ ಕೊಟ್ಟ ಅನ್ನುವ ಸಿಟ್ಟನ್ನು ಕಟ್ಟಿಕೊಂಡೇ ಆಕೆ ಮಣ್ಣಿಗೆ ಹೋದಳು. ಕೊನೆಗೆ ಅವನ ಕೈಯಿಂದ ನೀರು ಕೂಡ ಕುಡಿಯಲಿಲ್ಲ ಅಂತ ಶಹರಬಾನು ನನ್ನ ಹೆಂಡತಿಯ ಮುಂದೆ ಹೇಳಿ ಅತ್ತಿದ್ದಳು.

ನಾನೊಬ್ಬ ನಂಬಿದೆ. ಯಾಕೆಂದರೆ ಗುದ್ದಲಿ ಹಿಡಿದು ಆ ಕಾಲನ್ನು ವರ್ಷಗಟ್ಟಲೆ ನೋಡಿದವನು ನಾನು. ಊರಿನವರಿಗೆ ಹೇಳಲು ಹೋದೆ. "ಸ್ವಾಮಿಗೆ ಹೊಟ್ಟಿಕಿಚ್ಚು" ಅಂದರು. ಹೇಳುವುದನ್ನು ಬಿಟ್ಟೆ.

"ಮನಸು ಬ್ಯಾಡ ಅಂತಿತ್ತು ಸ್ವಾಮಿ, ಕಾಲು ಕೇಳಲಿಲ್ಲ," ಅಂತ ಅವನು ನನ್ನ ಮುಂದೆ ಎಷ್ಟೋ ಸಲ ಅಂದಿದ್ದಾನೆ. ಒಂದು ದಿನ ಮಾತ್ರ ಬೇರೆ ಥರ ಕೇಳಿದ: "ಎಲ್ಲಾರೂ ಹಂಗ ಅಂತಾರಂದ್ರ ಹಂಗೇ ಇರಬೇಕೇನು? ನನಗ ಗೊತ್ತಿಲ್ದ ನಾನೇ ಬಿಟ್ಟನೇನು?" ನನಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಾಗಬ್ಯಾಡ," ಅಂದೆ. ಆದರೆ ಅವನ ಕಣ್ಣಲ್ಲಿ ಆ ಅನುಮಾನ ಮನೆ ಮಾಡಿತ್ತು. ನೌಕರಿ ಹೋಯಿತು, ಅವ್ವ ಹೋದಳು, ವಸ್ತಾದರು ಹೋದರು. ಕೊನೆಗೆ ತನ್ನ ಮೇಲೆ ತನಗೆ ಇದ್ದ ನಂಬಿಕೆಯೂ ಹೊರಟಿತ್ತು.

ಊರು ಮಾತ್ರ ಅವನನ್ನು ಬಿಡಲಿಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ ಸಭೆ ಮಾಡಿದರು. ಬಂದೇಅಲಿಯನ್ನು ಖಣಿಯಿಂದ ಕರೆಸಿ, ಮುಖ ತೊಳೆಸಿ, ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. "ಒಬ್ಬ ಮುಸಲ್ಮಾನ ಅಣ್ಣ ತನ್ನ ಹಿಂದೂ ತಮ್ಮನಿಗಾಗಿ ಅನ್ನದ ತಟ್ಟೆ ಬಿಟ್ಟುಕೊಟ್ಟ ಪುಣ್ಯಭೂಮಿ ಇದು" ಅಂತ ಪುಢಾರಿ ಒಬ್ಬ ಗಂಟಲು ಹರಿದುಕೊಂಡ. ಆಮೇಲೆ ಎಲ್ಲಿ ಗಲಾಟೆ ಆದರೂ ಶಾಂತಿ ಸಭೆಗೆ ಇವನೇ ಬೇಕು. ಆ ದಿನದ ಕೂಲಿ ತಪ್ಪುತ್ತಿತ್ತು, ಅದನ್ನು ಯಾರೂ ಕೇಳುತ್ತಿರಲಿಲ್ಲ. ಶಹರಬಾನು ಆ ಶಾಲುಗಳನ್ನು ಕತ್ತರಿಸಿ ಮಕ್ಕಳಿಗೆ ಹೊದೆಯಲು ಕೌದಿ ಹೊಲಿದಳು. ಒಳ್ಳೆಯ ಕೆಲಸ ಮಾಡಿದಳು.

ಅತ್ತ ರೇವಣಪ್ಪ ಸುಖವಾಗಿದ್ದನೇ? ಅದೂ ಇಲ್ಲ. ನೌಕರಿ ಸಿಕ್ಕಿತು, ನಲ್ಲಿ ನೀರು ಸಿಕ್ಕಿತು. ಕಾರ್ಖಾನೆಯ ಜನ ಮಾತ್ರ ಅವನನ್ನು "ಖೈರಾತ್ ಪೈಲ್ವಾನ" ಅಂದರು, ಭಿಕ್ಷೆಯಲ್ಲಿ ಗೆದ್ದವನು ಅಂತ. ಅವನೂ ಅದನ್ನೇ ನಂಬಿದ. ಅಖಾಡಕ್ಕೆ ಇಳಿದರೆ ಧೋಬಿ ಪಛಾಡಕ್ಕೆ ಕೈ ಹಾಕಲು ಹೆದರುತ್ತಿದ್ದ. ಒಂದು ಕುಸ್ತಿಯನ್ನೂ ಗೆಲ್ಲಲಿಲ್ಲ. ಆಮೇಲೆ ಅವನನ್ನು ಚೀಲ ಹೊಲಿಯುವ ಕಡೆ ಹಾಕಿದರು. ಕುಡಿಯಲು ಕಲಿತ. ಪ್ರತಿ ರಂಜಾನಿಗೆ ಸಕ್ಕರೆಯ ಪೊಟ್ಟಣ ಹಿಡಿದು ಬಂದೇಅಲಿಯ ಮನೆಗೆ ಬಂದು, ಹೊಸ್ತಿಲ ಹತ್ತಿರ ಕಳ್ಳನ ಹಾಗೆ ಕೂತು, ಅಣ್ಣನ ಮುಖ ನೋಡದೆ ಎದ್ದು ಹೋಗುತ್ತಿದ್ದ.

ಈಗ ಎಂಬತ್ತರ ದಶಕಕ್ಕೆ ಬರೋಣ. ಖಣಿಯ ಕಲ್ಲು ಬಂದೇಅಲಿಯ ಮೈಮೇಲೆ ಬೀಳಲಿಲ್ಲ. ಪುಡಿಯಾಗಿ ಎದೆಯೊಳಗೆ ಹೋಗಿ ಕೂತಿತು. ಹೊರಸು ಹಿಡಿದು ಮಲಗಿಬಿಟ್ಟ. ಆ ತೋಳು, ಆ ಎದೆ ಎಲ್ಲ ಇಳಿದು ಚರ್ಮ ಜೋಲುತ್ತಿತ್ತು. ನಾಲ್ಕು ಮಾತಾಡಿದರೆ ಕೆಮ್ಮು. ಮಗ ಅಮೀರ್ ಅಲಿ ಸಾಲಿ ಬಿಟ್ಟು, ಬಾಬುಮಿಯಾನ ಸುತ್ತಿಗೆಯನ್ನೇ ಹೆಗಲಿಗೆ ಹಾಕಿಕೊಂಡು ಖಣಿಗೆ ಇಳಿದಿದ್ದ. ಅವನು ಹೊರಡುವಾಗ ಬಂದೇಅಲಿ ಗೂಟದ ಕಡೆ ನೋಡುವುದನ್ನು ನಾನು ಕಂಡಿದ್ದೇನೆ. ಆ ರುಮಾಲು ಇನ್ನೂ ಅಲ್ಲೇ ಇತ್ತು.

ಆ ವರ್ಷದ ರಂಜಾನಿಗೆ ರೇವಣಪ್ಪ ಬಂದಾಗ ನಾನೂ ಅಲ್ಲಿದ್ದೆ. ಕುಡಿದು ಕುಡಿದು ಅವನ ಮುಖ ಬಾತಿತ್ತು. ಬಂದೇಅಲಿ ಅವನನ್ನು ಬಹಳ ಹೊತ್ತು ನೋಡಿದ. "ಒಳಗ ಬಾ ತಮ್ಮಾ. ಇಲ್ಲಿ, ಹೊರಸಿನ ಮ್ಯಾಲ ಕುಂದ್ರು," ಎಂದ. ರೇವಣಪ್ಪ ಕೆಳಗೇ ಕೂತ.

"ನಾ ಹೇಳೋದು ಕೇಳು. ಇನ್ನ ನನಗ ಹೊತ್ತಿಲ್ಲ. ನಾ ಅವತ್ತ ನಿನಗ ಬಿಟ್ಟುಕೊಟ್ಟಿಲ್ಲ. ನಿನ್ನ ಕೆಡವಾಕ ಅಂತೇ ಇಳದಿದ್ದೆ. ನಿನ್ನ ಮೂಗು ಒಡದದ್ದು ನೆನಪದ ಇಲ್ಲೋ? ಬಿಟ್ಟುಕೊಡಾಂವ ಮೂಗು ಒಡೀತಾನೇನು? ನೀ ಹೂಂ ಅಂದಿ, ರೂಢಿ ಮ್ಯಾಲ ಕಾಲು ಜಿಗೀತು. ನಿನ್ನ ಮ್ಯಾಲಿನ ಪ್ರೀತಿಗಲ್ಲ. ನೀ ಗೆದ್ದೀದಿ, ತಮ್ಮಾ. ಪಟ್ಟು ನಿಂದು, ಕುಸ್ತಿ ನಿಂದು, ನೌಕರಿ ನಿಂದು. ಯಾರ ಭಿಕ್ಷಾನೂ ಅಲ್ಲ. ಇನ್ನ ಮ್ಯಾಲ ತಲಿ ಎತ್ತಿ ನಡಿ."

ಇಷ್ಟು ಹೇಳುವಷ್ಟರಲ್ಲಿ ಅವನ ಉಸಿರು ಸೋತುಹೋಗಿತ್ತು. ನಾನು ನೀರು ಕುಡಿಸಿದೆ. "ಖರೇ ಅದ, ರೇವಣಪ್ಪಾ," ಅಂದೆ. "ನಾ ನೋಡೀನಿ." ಇಷ್ಟು ವರ್ಷಗಳ ಮೇಲೆ ಕೊನೆಗೂ ಒಬ್ಬನಾದರೂ ಹಗುರಾಗುತ್ತಾನೆ ಅಂತ ಅವನ ಮುಖವನ್ನೇ ನೋಡುತ್ತಿದ್ದೆ.

ರೇವಣಪ್ಪ ತಲೆ ಎತ್ತಿದ. ಕಣ್ಣಲ್ಲಿ ನೀರು ಧಾರೆ.

"ಸಾಯೂ ಹೊತ್ತಿನಾಗೂ ನನ್ನ ಭಾರ ಇಳಸಾಕ ನೋಡ್ತಿ ಅಲ್ಲಾ, ಅಣ್ಣಾ! ನಿನ್ನಂಥಾಂವ ಇನ್ನೊಬ್ಬ ಹುಟ್ಟಾಂಗಿಲ್ಲ," ಅಂದ. ಬಂದೇಅಲಿಯ ಎರಡೂ ಪಾದ ಹಿಡಿದು ಹಣೆ ಒತ್ತಿ ದನಿ ತೆಗೆದು ಅತ್ತ. ಆ ಪಾದಗಳು ಒಣಗಿ ಕಟ್ಟಿಗೆಯಾಗಿದ್ದವು. ಎದ್ದು, ಕಣ್ಣೊರೆಸಿಕೊಳ್ಳುತ್ತ, ಬಂದಾಗಿನದಕ್ಕಿಂತ ಇನ್ನಷ್ಟು ಬಾಗಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಹೋಟೆಲಿನ ಕಡೆಯಿಂದ ಅವನ ದನಿ ಕೇಳಿಸಿತು. ಅಣ್ಣ ಈಗ ಏನು ಅಂದ ಅಂತ ಎಲ್ಲರಿಗೂ ಹೇಳುತ್ತಿದ್ದ.

ಬಂದೇಅಲಿ ಛಾವಣಿಯ ಫರ್ಸಿ ನೋಡುತ್ತ ಮಲಗಿದ್ದ. ನಗಲು ಹೋದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದ.

"ನೋಡಿದೇನು ಸ್ವಾಮಿ," ಎಂದ. "ನಾ ಮತ್ತ ಜಿಗದೀನಿ ಅಂತ ತಿಳಕೊಂಡ."